ಕಾಲಯುಕ್ತಿ ಸಂವತ್ಸರದ ಜ್ವರ: ನಿಮ್ಮ ಮನೆಯ 1918ನ್ನು ಹುಡುಕುವುದು ಹೇಗೆ

ನಮ್ಮ ಮನೆಯಲ್ಲಿ ಮಾರ್ನೋಮಿ ದಿನ ಹಿರಿಯರಿಗೆ ಎಡೆ ಇಡುವಾಗ ಗೋಡೆ ಬದಿಗೆ ಮೂರು ಎಡೆಗಳನ್ನು ಬೇರೆಯಾಗಿ ಇಡುತ್ತೇವೆ. ಒಂದರ ಮುಂದೆ ಹಸಿರು ಬಳೆ, ಕುಂಕುಮ, ಮಡಿಸಿದ ಸೀರೆ. ಇನ್ನೊಂದರ ಮುಂದೆ ಪಂಚೆ, ಎಲೆ ಅಡಿಕೆ, ಹೊಗೆಸೊಪ್ಪು. ಮೂರನೆಯದು ತೀರಾ ಚಿಕ್ಕದು. ಅಂಗೈಯಷ್ಟು ಅಗಲದ ಮುತ್ತುಗದ ಎಲೆ, ಅದರ ಮೇಲೆ ಒಂದು ತುತ್ತು ಅನ್ನ, ಚೂರು ಬೆಲ್ಲ. ಪಕ್ಕದಲ್ಲಿ ಗುಂಡಿ ಇಲ್ಲದ ಒಂದು ಪುಟ್ಟ ಅಂಗಿ.

ಚಿಕ್ಕವಳಿದ್ದಾಗ ಅದು ಯಾರದು ಅಂತ ಕೇಳಿದ್ದೆ. "ಜ್ವರದ ವರ್ಷದೋರು" ಅಂದರು. ಅಷ್ಟೇ. ಮುಂದೆ ನಾನೂ ಕೇಳಲಿಲ್ಲ, ಅವರೂ ಹೇಳಲಿಲ್ಲ.

ನಾನು 34 ವರ್ಷ ಶಾಲೆಯಲ್ಲಿ ಪಾಠ ಮಾಡಿದವಳು. 1918 ಅಂದರೆ ಖೇಡಾ ಸತ್ಯಾಗ್ರಹ, ಮಾಂಟೆಗು-ಚೆಮ್ಸ್‌ಫರ್ಡ್ ವರದಿ, ಮಹಾಯುದ್ಧದ ಕೊನೆ, ಮೈಸೂರಿನಲ್ಲಿ ಮಿಲ್ಲರ್ ಸಮಿತಿ ಅಂತ ಹೇಳಿಕೊಟ್ಟವಳು. ಆ ವರ್ಷ ನಮ್ಮದೇ ಮನೆಯ ಗೋಡೆ ಬದಿಗೆ ಮೂರು ಎಲೆಗಳಾಗಿ ಕೂತಿದೆ ಅನ್ನೋದು ನನಗೆ ಗೊತ್ತಾದದ್ದು ನಿವೃತ್ತಿಯಾದ ಮೇಲೆ. ಹುಡುಕಲು ಮೂರು ವರ್ಷ ಹಿಡಿಯಿತು. ದಾರಿ ಗೊತ್ತಿದ್ದರೆ ಆರು ತಿಂಗಳು ಸಾಕಿತ್ತು. ಆ ದಾರಿಯನ್ನೇ ಇಲ್ಲಿ ಹೇಳುತ್ತಿದ್ದೇನೆ. ನಮ್ಮದು ಶಿರಾ ತಾಲೂಕಿನ ಒಂದು ಹಳ್ಳಿ. ನಿಮ್ಮದು ಬೇರೆ ಸೀಮೆಯಾದರೆ ಕೆಲವು ಕಡೆ ದಾರಿ ಬೇರೆ, ಅದನ್ನೂ ಹೇಳುತ್ತೇನೆ.

ಮೊದಲು ಆ ವರ್ಷ ಏನಾಯಿತು ಅಂತ ಚಿಕ್ಕದಾಗಿ ತಿಳಿದುಕೊಳ್ಳಿ. 1918ರ ಜೂನ್‌ನಲ್ಲಿ ಮುಂಬೈ ಬಂದರಿನಲ್ಲಿ ಕೆಲಸಕ್ಕಿದ್ದ ಏಳು ಜನ ಪೊಲೀಸ್ ಸಿಪಾಯಿಗಳು ಜ್ವರ ಬಂದು ಆಸ್ಪತ್ರೆ ಸೇರಿದರು. ಯುದ್ಧದ ಹಡಗುಗಳು ಬಂದು ಹೋಗುತ್ತಿದ್ದ ಕಾಲ ಅದು. ಅಲ್ಲಿಂದ ಇನ್‌ಫ್ಲುಯೆಂಜಾ ರೈಲು ಹಳಿ ಹಿಡಿದು ದೇಶದೊಳಗೆ ಬಂತು. ಮೊದಲ ಸಲ ಬಂದದ್ದು ಅಷ್ಟು ಕ್ರೂರವಾಗಿರಲಿಲ್ಲ. ಸೆಪ್ಟೆಂಬರ್‌ನಲ್ಲಿ ಎರಡನೇ ಸಲ ಬಂತು ನೋಡಿ, ಅದು ಊರೂರನ್ನೇ ಮಲಗಿಸಿತು. ಅದೇ ವರ್ಷ ಮುಂಗಾರು ಕೈಕೊಟ್ಟಿತ್ತು. 1877, 1899ರ ಬರಗಳ ಜೊತೆ ಎಣಿಸುವಂಥ ಬರ ಅದು. ದೇಶದ ಮಳೆ ಸುಮಾರು ಕಾಲು ಭಾಗ ಕಡಿಮೆ. ಕಾಳು, ಬಟ್ಟೆ, ಸೀಮೆಎಣ್ಣೆ ಎಲ್ಲದರ ಬೆಲೆಯೂ ಯುದ್ಧದಿಂದ ಮೊದಲೇ ಏರಿತ್ತು. ಹೊಟ್ಟೆಗಿಲ್ಲದ ಮೈಗೆ ಜ್ವರ ಬಂತು. ಸತ್ತವರು ಒಂದೂಕಾಲು ಕೋಟಿಗೆ ಕಡಿಮೆ ಇಲ್ಲ ಅಂತ ಬಹುತೇಕ ಅಂದಾಜುಗಳು ಹೇಳುತ್ತವೆ. ಇನ್ನೂ ಜಾಸ್ತಿ ಹೇಳುವವರೂ ಇದ್ದಾರೆ. ಈಗಿನ ಭಾರತದ ಗಡಿಯೊಳಗಿನ ಲೆಕ್ಕ ಹಿಡಿದರೆ 1911ರಲ್ಲಿ 25.21 ಕೋಟಿ ಇದ್ದ ಜನ 1921ರಲ್ಲಿ 25.13 ಕೋಟಿಗೆ ಇಳಿದರು. 1901ರಿಂದ ಈಚೆಗೆ ಜನ ಕಡಿಮೆಯಾದ ದಶಕ ಅದೊಂದೇ.

ಇದು ದೇಶದ ಮಾತಾಯಿತು. ಮನೆಯದನ್ನು ಹುಡುಕಲು ಪುಸ್ತಕದಿಂದ ಶುರು ಮಾಡಬೇಡಿ, ಮನೆಯಿಂದಲೇ ಶುರು ಮಾಡಿ.

ವಂಶವೃಕ್ಷದಲ್ಲಿ ಖಾಲಿ ಜಾಗ ಹುಡುಕಿ

ಒಂದು ದೊಡ್ಡ ಹಾಳೆ ತಗೊಳ್ಳಿ. ಕ್ಯಾಲೆಂಡರಿನ ಹಿಂಬದಿ ಆದರೂ ಸಾಕು. ನಿಮ್ಮ ಮುತ್ತಜ್ಜ ಮುತ್ತಜ್ಜಿಯರ ತಲೆಮಾರಿನವರನ್ನು ಬರೆಯಿರಿ. 1880ರಿಂದ 1900ರ ಒಳಗೆ ಹುಟ್ಟಿರಬಹುದಾದವರು ನಿಮಗೆ ಮುಖ್ಯ. ಯಾಕೆಂದರೆ ಆ ಜ್ವರ ಮುದುಕರು, ಮಕ್ಕಳಿಗಿಂತ ಹೆಚ್ಚಾಗಿ ಇಪ್ಪತ್ತರಿಂದ ನಲವತ್ತರ ವಯಸ್ಸಿನವರನ್ನು ತೆಗೆದುಕೊಂಡು ಹೋಯಿತು. ಗಟ್ಟಿಮುಟ್ಟಾಗಿ ದುಡಿಯುವ ವಯಸ್ಸು. ಭಾರತದಲ್ಲಿ ಗಂಡಸರಿಗಿಂತ ಹೆಂಗಸರು ಜಾಸ್ತಿ ಸತ್ತರು. ಮನೆಯಲ್ಲಿ ಕೊನೆಗೆ ಉಳಿದದ್ದನ್ನು ಉಣ್ಣುವವಳು ಅವಳು, ಎಲ್ಲರ ಹಾಸಿಗೆ ಪಕ್ಕ ಕೂತು ನೀರು ಕುಡಿಸುವವಳೂ ಅವಳೇ ಅಲ್ವಾ.

ಈಗ ಆ ಹಾಳೆಯಲ್ಲಿ ಏನು ಕಾಣುತ್ತದೆ ನೋಡಿ. ಮುತ್ತಜ್ಜನಿಗೆ ಎರಡು ಮದುವೆಯೇ? ಎರಡನೆಯದು 1919 ಅಥವಾ 1920ರ ಸುಮಾರಿಗೆ ಇದ್ದರೆ ಅಲ್ಲೊಂದು ಗುರುತು ಹಾಕಿ. ಅಜ್ಜನನ್ನೋ ಅಜ್ಜಿಯನ್ನೋ ಸೋದರಮಾವನ ಮನೆಯಲ್ಲಿ ಸಾಕಿದರು ಅನ್ನುವ ಮಾತಿದೆಯೇ? ಅಲ್ಲೂ ಗುರುತು. ಮಕ್ಕಳ ಸಾಲಿನಲ್ಲಿ 1916ರ ತನಕ ಎರಡೆರಡು ವರ್ಷಕ್ಕೆ ಒಂದು ಮಗು, ಆಮೇಲೆ ಐದು ವರ್ಷ ಯಾರೂ ಇಲ್ಲ, ಮತ್ತೆ 1921ರಿಂದ ಮಕ್ಕಳು. ಅದು ದೊಡ್ಡ ಗುರುತು. 1919ರಲ್ಲಿ ದೇಶದಲ್ಲೇ ಹೆರಿಗೆಗಳು ತೀರಾ ಇಳಿದಿದ್ದವು. ಸತ್ತ ಚಿಕ್ಕಪ್ಪನ ಹೆಸರನ್ನೇ 1920ರ ಸುಮಾರಿಗೆ ಹುಟ್ಟಿದ ಮಗುವಿಗೆ ಇಟ್ಟಿರುವುದೂ ಒಂದು ಸುಳಿವು.

ನಮ್ಮ ಹಾಳೆಯಲ್ಲಿ ಇಂಥ ಮೂರು ಗುರುತು ಕಂಡವು. ಮುತ್ತಜ್ಜನಿಗೆ ಎರಡು ಮದುವೆ. ಅಜ್ಜ ಮೊದಲನೆಯವಳ ಮಗ, ಸಾಕಿದ್ದು ಎರಡನೆಯವಳು. ಮುತ್ತಜ್ಜನ ತಮ್ಮ ಅನ್ನುವವನೊಬ್ಬ ಇದ್ದ, ಅವನ ಬಗ್ಗೆ ಒಂದೇ ಒಂದು ಮಾತೂ ಮನೆಯಲ್ಲಿ ಉಳಿದಿರಲಿಲ್ಲ.

ಯಾರನ್ನು ಕೇಳಬೇಕು, ಏನಂತ ಕೇಳಬೇಕು

1918ನ್ನು ಕಣ್ಣಾರೆ ಕಂಡವರು ಈಗ ಯಾರೂ ಇಲ್ಲ. ಕಂಡವರ ಮಡಿಲಲ್ಲಿ ಕೂತು ಕೇಳಿದವರು ಇದ್ದಾರೆ. 85 ದಾಟಿದವರನ್ನು ಹುಡುಕಿ, ಅದರಲ್ಲೂ ಹೆಂಗಸರನ್ನು. ಗಂಡಸರು ಜಮೀನಿನ ಕಥೆ ಹೇಳುತ್ತಾರೆ, ಹೆಂಗಸರು ಯಾರಿಗೆ ಯಾರು ಹಾಲೂಡಿಸಿದರು ಅಂತ ಹೇಳುತ್ತಾರೆ. ನಿಮಗೆ ಬೇಕಾದದ್ದು ಎರಡನೆಯದು.

ನಾನು ಮೊದಲು ಮಾಡಿದ ತಪ್ಪು ಇದು. ನನ್ನ ಸೋದರತ್ತೆಗೆ ಆಗ 89. ಫೋನಿನಲ್ಲಿ ರೆಕಾರ್ಡಿಂಗ್ ಹಾಕಿಕೊಂಡು, "ಅತ್ತೆ, 1918ರಲ್ಲಿ ನಮ್ಮನೇಲಿ ಏನಾಯ್ತು?" ಅಂತ ಕೇಳಿದೆ. "ನಂಗೇನ್ ಗೊತ್ತವ್ವ, ನಾನ್ ಹುಟ್ಟೇ ಇರ್ಲಿಲ್ಲ" ಅಂದರು. ಮಾತು ಅಲ್ಲಿಗೇ ಮುಗಿಯಿತು. ಇಸವಿ ಹಿಡಿದು ಕೇಳಬಾರದು. ಅವರ ನೆನಪಿನಲ್ಲಿ ಇಸವಿ ಇರುವುದಿಲ್ಲ, ಘಟನೆ ಇರುತ್ತದೆ. ಮಾರಿಕಣಿವೆ ಅಣೆಕಟ್ಟು ಮುಗಿದದ್ದು 1907ರಲ್ಲಿ. ಕನ್ನಂಬಾಡಿ ಕಟ್ಟಲು ಶುರುವಾದದ್ದು 1911. ವಿಶ್ವೇಶ್ವರಯ್ಯನವರು ದಿವಾನರಾಗಿದ್ದದ್ದು 1912ರಿಂದ 1918ರ ಕೊನೆಯವರೆಗೆ. ಗಾಂಧೀಜಿ ಮೈಸೂರು ಸೀಮೆಯಲ್ಲಿ ತಿಂಗಳುಗಟ್ಟಲೆ ಇದ್ದದ್ದು 1927. ನಾಲ್ವಡಿಯವರು ತೀರಿಕೊಂಡದ್ದು 1940. ಇಂಥ ಗೂಟಗಳನ್ನು ಮೊದಲು ನೆಟ್ಟುಕೊಳ್ಳಿ. ಆಮೇಲೆ "ಅದಕ್ಕಿಂತ ಮುಂಚೆನಾ, ಆಮೇಲಾ?" ಅಂತ ಕೇಳುತ್ತಾ ಹೋಗಿ.

ಅದಕ್ಕಿಂತಲೂ ಒಳ್ಳೆಯ ದಾರಿ ಕೈಗೆ ಕೆಲಸ ಕೊಟ್ಟು ಕೇಳುವುದು. ಮುಂದಿನ ಮಾರ್ನೋಮಿಗೆ ನಾನು ಅತ್ತೆಯನ್ನು ಊರಿಗೆ ಕರೆದುಕೊಂಡು ಹೋದೆ. ಎಲೆ ಒರೆಸಲು ಅವರ ಕೈಗೇ ಕೊಟ್ಟೆ. ಫೋನು ಮುಟ್ಟಲಿಲ್ಲ. ಅವರು ಚಿಕ್ಕ ಎಲೆಯನ್ನು ಸೆರಗಿನಲ್ಲಿ ಒರೆಸುತ್ತಾ ಒರೆಸುತ್ತಾ ತಾವಾಗಿಯೇ ಶುರು ಮಾಡಿದರು. "ಇದು ಮೊಲೆ ಕುಡಿಯೋ ಮಗೀದು. ನಮ್ಮ ದೊಡ್ಡವ್ವ ಹೇಳೋಳು." ಅವರು ದೊಡ್ಡವ್ವ ಅನ್ನುವುದು ನಮ್ಮ ಮುತ್ತಜ್ಜನ ಎರಡನೇ ಹೆಂಡತಿಯನ್ನು. ಆಕೆಯದು ಪಕ್ಕದ ಹಳ್ಳಿ. ಮದುವೆಯಾಗಿ ಬರುವ ಮೊದಲೇ ಆ ವರ್ಷವನ್ನು ತನ್ನ ತವರಿನಲ್ಲಿ ಕಂಡವಳು. "ಮನೇಲಿ ಎಲ್ರೂ ಮಲಗವ್ರೆ. ನೀರು ಕೊಡೋಕೂ ಎದ್ದೋರಿಲ್ಲ. ದನ ಹಗ್ಗ ಕಿತ್ಕೊಂಡು ತಾವೇ ಕೆರೆಗೆ ಹೋದ್ವಂತೆ. ಮೊದ್ಲು ಮೈದ ಹೋದ, ಆಮೇಲೆ ಅವಳು ಹೋದ್ಲು. ಎಂಟು ದಿನಕ್ಕೆ ಮಗಾನೂ ಹೋಯ್ತು. ಆ ಮಾರ್ನೋಮೀಲಿ ಎಡೆ ಇಟ್ಟೋಳು, ದೀಪಾವಳಿಗೆ ತಾನೇ ಎಡೆಯಾದ್ಲು."

ಮೈದ ಅಂದರೆ ಮುತ್ತಜ್ಜನ ತಮ್ಮ, ಅವಳು ಅಂದರೆ ಮುತ್ತಜ್ಜನ ಮೊದಲ ಹೆಂಡತಿ. ಕೊನೆಯ ಮಾತು ಕೇಳಿ ನನ್ನ ಕೈಯಲ್ಲಿದ್ದ ಸೌಟು ಹಾಗೇ ನಿಂತಿತು. ಅದರ ದುಃಖ ಒಂದು ಕಡೆ. ಆ ಮಾತಿನಲ್ಲಿ ಒಂದು ತಾರೀಖೂ ಇತ್ತು. ಅದನ್ನು ಮುಂದೆ ಹೇಳುತ್ತೇನೆ.

ಹೀಗೆ ಏನಾದರೂ ಸಿಕ್ಕರೆ ಮೊದಲು ಅದು ಯಾವ ಕಾಯಿಲೆ ಅಂತ ಬೇರೆ ಮಾಡಿಕೊಳ್ಳಬೇಕು. ಬಹಳ ಜನ ಎಲ್ಲವನ್ನೂ ಪ್ಲೇಗ್ ಅಂತ ಸೇರಿಸಿಬಿಡುತ್ತಾರೆ. ಪ್ಲೇಗ್ ಬೆಂಗಳೂರಿಗೆ ಬಂದದ್ದು 1898ರಲ್ಲಿ. ಆಮೇಲೆ ಎಷ್ಟೋ ವರ್ಷ ಬರುತ್ತಲೇ ಇತ್ತು. ಪ್ಲೇಗಿನ ಕಥೆಯಲ್ಲಿ ಇಲಿ ಬೀಳುತ್ತವೆ, ಕಂಕುಳಲ್ಲಿ ತೊಡೆಸಂದಿಯಲ್ಲಿ ಗಡ್ಡೆ ಏಳುತ್ತದೆ, ಜನ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕುತ್ತಾರೆ. ಕಾಲರಾ ಕಥೆಯಲ್ಲಿ ವಾಂತಿ ಭೇದಿ ಇರುತ್ತದೆ, ಒಂದೇ ದಿನದಲ್ಲಿ ಮುಗಿದುಹೋಗುತ್ತದೆ, ಬಾವಿಯ ಮಾತು ಬರುತ್ತದೆ. 1918ರ ಜ್ವರದ ಕಥೆಯಲ್ಲಿ ಯಾರೂ ಊರು ಬಿಡುವುದಿಲ್ಲ, ಬಿಡುವ ಶಕ್ತಿಯೇ ಇರುವುದಿಲ್ಲ. ಮನೆಯವರೆಲ್ಲ ಒಟ್ಟಿಗೆ ಮಲಗುತ್ತಾರೆ. ಕೆಮ್ಮು, ಎದೆ ಬಿಗಿತ, ಕೆಲವರಿಗೆ ಮೂಗಿನಲ್ಲಿ ರಕ್ತ, ಮುಖ ಕಪ್ಪಿಡುವುದು. ನೀರು ಕೊಡುವವರಿರಲಿಲ್ಲ ಅನ್ನುವ ಮಾತು ಬಂದರೆ ಕಿವಿ ನಿಮಿರಿಸಿ. ಬೆಳಗಾವಿ ಕಡೆಯವರು ಮರಾಠಿಯ 'ಮಾನಮೋಡಿ' ಅನ್ನುವ ಹೆಸರು ಕೇಳಿದ್ದರೆ ಅದೂ ಇದೇ ಜ್ವರ.

ಟ್ರಂಕಿನ ಕಾಗದ ಓದುವುದು

ಹಳೇ ಟ್ರಂಕು ಇಲ್ಲದ ಮನೆ ಅಪರೂಪ. ಅದರೊಳಗಿನ ಕಾಗದವನ್ನು ಬರಿಗೈಯಲ್ಲಿ ಎಳೆಯಬೇಡಿ. ಮಡಿಕೆಯಲ್ಲಿ ಹರಿಯುತ್ತದೆ. ತಳಕ್ಕೆ ಒಂದು ರಟ್ಟು ತೂರಿಸಿ ಎತ್ತಿ. ಬಿಚ್ಚುವ ಮೊದಲೇ ಒಂದು ಫೋಟೋ, ಬಿಚ್ಚಿದ ಮೇಲೆ ಹಗಲು ಬೆಳಕಿನಲ್ಲಿ ಎರಡು ಫೋಟೋ ತೆಗೆಯಿರಿ. ಟೇಪು ಹಚ್ಚಬೇಡಿ, ಲ್ಯಾಮಿನೇಷನ್ ಮಾತ್ರ ಮಾಡಿಸಲೇಬೇಡಿ. ನಮ್ಮ ದೊಡ್ಡಪ್ಪ ಪ್ರೀತಿಯಿಂದ ಲ್ಯಾಮಿನೇಷನ್ ಮಾಡಿಸಿಟ್ಟ ಒಂದು ಪತ್ರ ಒಳಗೊಳಗೇ ಕಂದಿ ಈಗ ಅರ್ಧ ಓದಲಾಗುವುದಿಲ್ಲ.

ತಾರೀಖು ಹುಡುಕಿ. ಇಂಗ್ಲಿಷ್ ತಾರೀಖು ಇದ್ದರೆ ಸರಿ. ಬಹಳ ಪತ್ರಗಳಲ್ಲಿ ಸಂವತ್ಸರ, ಮಾಸ, ಪಕ್ಷ, ತಿಥಿ ಇರುತ್ತವೆ. ಇದಕ್ಕೆ ಹೆದರಬೇಡಿ. ಪ್ರಭವ ಸಂವತ್ಸರ 1927ರ ಯುಗಾದಿಗೆ ಬಂತು, ಮತ್ತೆ 1987ಕ್ಕೆ. 1927ರಿಂದ ಹಿಂದಕ್ಕೆ ಎಣಿಸಿ: ಅಕ್ಷಯ, ಕ್ರೋಧನ, ರಕ್ತಾಕ್ಷಿ, ರುಧಿರೋದ್ಗಾರಿ, ದುಂದುಭಿ, ದುರ್ಮತಿ, ರೌದ್ರಿ, ಸಿದ್ಧಾರ್ಥಿ, ಕಾಲಯುಕ್ತಿ. ಒಂಬತ್ತು ವರ್ಷ ಹಿಂದೆ, ಅಂದರೆ 1918. ನೀವು ಹುಡುಕಬೇಕಾದ ಹೆಸರು ಕಾಲಯುಕ್ತಿ. ಒಂದು ಎಚ್ಚರ. ಸಂವತ್ಸರ ಯುಗಾದಿಯಿಂದ ಯುಗಾದಿಗೆ. ಆ ವರ್ಷ ಯುಗಾದಿ ಬಂದದ್ದು ಏಪ್ರಿಲ್ ಎರಡನೇ ವಾರದಲ್ಲಿ. ಹಾಗಾಗಿ 'ಕಾಲಯುಕ್ತಿ ಸಂವತ್ಸರದ ಮಾಘ ಮಾಸ' ಅಂತ ಇದ್ದರೆ ಅದು 1919ರ ಫೆಬ್ರುವರಿ, 1918 ಅಲ್ಲ. 1918ರ ಮೊದಲ ಮೂರು ತಿಂಗಳು ಪಿಂಗಳ ಸಂವತ್ಸರಕ್ಕೆ ಸೇರುತ್ತವೆ. ನಾನೇ ಇಲ್ಲಿ ಒಂದು ಸಲ ಎಡವಿ ಎರಡು ತಿಂಗಳು ತಪ್ಪು ದಾರಿಯಲ್ಲಿ ಹೋಗಿದ್ದೆ.

ಶಕ ವರ್ಷ ಇದ್ದರೆ 78 ಕೂಡಿಸಿ. 1840 ಅಂದರೆ ಇದೇ ವರ್ಷ. ಫಸಲಿ, ಅಂದರೆ ಕಂದಾಯದ ಲೆಕ್ಕದ ವರ್ಷ ಇದ್ದರೆ 590 ಕೂಡಿಸಿ. 1328ನೇ ಫಸಲಿ ಅಂದರೆ 1918ರಲ್ಲಿ ಶುರುವಾಗಿ 1919ಕ್ಕೆ ಮುಗಿಯುವ ವರ್ಷ. ಸಮಾಧಿ ಕಲ್ಲಿನ ಮೇಲೆ ಹಿಜರಿ ಇದ್ದರೆ 1336ರ ಕೊನೆ ಮತ್ತು 1337ರ ಮೊದಲ ತಿಂಗಳುಗಳನ್ನು ನೋಡಿ. 1337 ಶುರುವಾದದ್ದು ಅಕ್ಟೋಬರ್ ಮೊದಲ ವಾರ, ಜ್ವರದ ನಟ್ಟನಡುವೆ.

ತಿಥಿಯನ್ನು ತಾರೀಖಿಗೆ ತರಲು ಅಮಾವಾಸ್ಯೆಗಳು ಗೊತ್ತಿದ್ದರೆ ಸಾಕು. 1918ರ ಎರಡನೇ ಅರ್ಧದಲ್ಲಿ ಅವು ಬಂದದ್ದು ಹೀಗೆ: ಆಷಾಢದ್ದು ಆಗಸ್ಟ್ 6ರ ಆಚೀಚೆ, ಶ್ರಾವಣದ್ದು ಸೆಪ್ಟೆಂಬರ್ 5, ಭಾದ್ರಪದದ್ದು ಅಂದರೆ ಮಹಾಲಯ ಅಮಾವಾಸ್ಯೆ ಅಕ್ಟೋಬರ್ 4, ದೀಪಾವಳಿ ಅಮಾವಾಸ್ಯೆ ನವೆಂಬರ್ 3, ಕಾರ್ತಿಕದ್ದು ಡಿಸೆಂಬರ್ 3. ಒಂದು ದಿನ ಹೆಚ್ಚು ಕಡಿಮೆ ಇಟ್ಟುಕೊಳ್ಳಿ. ಅಮಾವಾಸ್ಯೆ ಆದ ಮೇಲೆ ಶುದ್ಧ ಪಾಡ್ಯದಿಂದ ಎಣಿಸಿದರೆ ಆಯಿತು. ಶ್ರಾದ್ಧದ ತಿಥಿ ಉಳಿಸಿಕೊಂಡಿರುವ ಮನೆಗಳಿಗೆ ಇದು ದೊಡ್ಡ ಉಪಕಾರ. ಯಾರದೋ ಶ್ರಾದ್ಧ ಆಶ್ವೀಜ ಬಹುಳ ಸಪ್ತಮಿಗೆ ಬರುತ್ತದೆ, ವರ್ಷ ಗೊತ್ತಿಲ್ಲ, ಆದರೆ ಎರಡು ಮೂರು ಜನರ ತಿಥಿ ಅದೇ ಪಕ್ಷದಲ್ಲಿ ಒತ್ತೊತ್ತಾಗಿ ಇದೆ ಅನ್ನಿ. 1918ರಲ್ಲಿ ಆ ಸಪ್ತಮಿ ಅಕ್ಟೋಬರ್ 26ರ ಆಚೀಚೆ ಬರುತ್ತದೆ. ಒಂದೇ ಮನೆಯಲ್ಲಿ ಭಾದ್ರಪದ ಬಹುಳದಿಂದ ಕಾರ್ತಿಕದ ಒಳಗೆ ಮೂರು ತಿಥಿ ಇದ್ದರೆ ಬಹಳ ಮಟ್ಟಿಗೆ ಅದು ಈ ಜ್ವರವೇ.

ಈಗ ಅತ್ತೆಯ ಮಾತಿಗೆ ಬರೋಣ. ಮಾರ್ನೋಮಿಯಲ್ಲಿ ಎಡೆ ಇಟ್ಟಳು, ದೀಪಾವಳಿಗೆ ಎಡೆಯಾದಳು. ನಮ್ಮ ಕಡೆ ಎಡೆ ಇಡುವುದು ಮಹಾಲಯ ಅಮಾವಾಸ್ಯೆಗೆ. ಅಂದರೆ ಅಕ್ಟೋಬರ್ 4ಕ್ಕೆ ಆಕೆ ಎದ್ದು ಓಡಾಡುತ್ತಿದ್ದಳು. ನವೆಂಬರ್ 3ಕ್ಕೆ ಇರಲಿಲ್ಲ. ನೂರು ವರ್ಷ ಬರೀ 'ಜ್ವರದ ವರ್ಷ' ಅನ್ನಿಸಿಕೊಂಡಿದ್ದ ಸಾವು ಹಬ್ಬದಿಂದ ಹಬ್ಬಕ್ಕೆ ಒಂದು ತಿಂಗಳ ಒಳಗೆ ಬಂದು ನಿಂತಿತು.

ಆದರೆ ಬಾಯಿಮಾತು ಬಾಯಿಮಾತೇ. ಅದಕ್ಕೆ ಕಾಗದದ ಬಲ ಬೇಕು. ಟ್ರಂಕಿನಲ್ಲಿ ಎರಡು ಪತ್ರ ಸಿಕ್ಕವು. ಮೊದಲನೆಯದು ಜೋಡಿ ಎತ್ತಿಗೆ 60 ರೂಪಾಯಿ ಸಾಲದ ಪತ್ರ. ಕಾಲಯುಕ್ತಿ ಸಂವತ್ಸರದ ವೈಶಾಖ ಶುದ್ಧ ತದಿಗೆ, ಅಂದರೆ 1918ರ ಮೇ ಎರಡನೇ ವಾರ. ಕೆಳಗೆ ಅಣ್ಣ ತಮ್ಮ ಇಬ್ಬರ ರುಜು. ತಮ್ಮನ ಕೈಬರಹ ಅಣ್ಣನದಕ್ಕಿಂತ ದುಂಡಗಿದೆ, ಕೊನೆಯ ಅಕ್ಷರದ ಬಾಲ ಉದ್ದಕ್ಕೆ ಎಳೆದಿದ್ದಾನೆ. ಎರಡನೆಯದು ಎರಡು ಎಕರೆ ತರಿ ಜಮೀನಿನ ಭೋಗ್ಯ ಪತ್ರ. ಅದೇ ಸಂವತ್ಸರದ ಮಾರ್ಗಶಿರ ಶುದ್ಧ ದಶಮಿ, ಅಂದರೆ ಡಿಸೆಂಬರ್ 13ರ ಆಚೀಚೆ. ಕೆಳಗೆ ಅಣ್ಣನ ರುಜು ಮಾತ್ರ. ತಮ್ಮನ ರುಜು ಇರಬೇಕಾದ ಕಡೆ 'ಮೃತ' ಅಂತ ಬರೆದು ಅವನ ಹೆಸರು, ಅದರ ಮುಂದೆ 'ಹೆಂಡತಿ' ಅಂತ ಇದೆ, ಪಕ್ಕದಲ್ಲಿ ಒಂದು ಹೆಬ್ಬೆಟ್ಟಿನ ಗುರುತು. ಹೆಬ್ಬೆಟ್ಟು ಚಿಕ್ಕದು. ಮಸಿ ಜಾಸ್ತಿಯಾಗಿ ಗೆರೆಗಳು ಒಂದಕ್ಕೊಂದು ಹರಡಿವೆ. ಆ ಹುಡುಗಿಗೆ ಆಗ ಎಷ್ಟು ವಯಸ್ಸಿತ್ತೋ.

ಮೇ ತಿಂಗಳಲ್ಲಿ ರುಜು ಹಾಕಿದವನು ಡಿಸೆಂಬರ್‌ಗೆ ಇಲ್ಲ. ಅತ್ತೆಯ ಮಾತಿನ ಮೊದಲ ಭಾಗಕ್ಕೆ ಕಾಗದ ಸಿಕ್ಕಿತು. ನೀವು ಮಾಡಬೇಕಾದದ್ದೂ ಇದನ್ನೇ. ಸಾವಿನ ದಾಖಲೆಗಾಗಿ ಕಾಯಬೇಡಿ. ಸಾವಿಗೆ ಹಿಂದಿನ ಕಾಗದ ಒಂದು, ಮುಂದಿನ ಕಾಗದ ಒಂದು ಹುಡುಕಿ. ಎರಡರಲ್ಲಿ ಯಾರ ರುಜು ಇದೆ, ಯಾರದು ತಪ್ಪಿದೆ ನೋಡಿ. ಬರದ ವರ್ಷವಾದ್ದರಿಂದ ಆ ಚಳಿಗಾಲದಲ್ಲಿ ಸಾಲದ, ಭೋಗ್ಯದ, ಕ್ರಯದ ಪತ್ರಗಳು ಸಿಗುವ ಸಾಧ್ಯತೆ ಹೆಚ್ಚು. ಪತ್ರ ನೋಂದಣಿ ಆಗಿದ್ದರೆ ಮನೆಯ ಪ್ರತಿ ಕಳೆದಿದ್ದರೂ ಉಪನೋಂದಣಾಧಿಕಾರಿ ಕಚೇರಿಯಲ್ಲಿ ನಕಲಿಗೆ ಅರ್ಜಿ ಹಾಕಬಹುದು. ಹೆಸರಿನ ಸೂಚಿ ನೋಡಿಸಿ, ಸರ್ವೆ ನಂಬರ್ ಹಿಡಿದೂ ಕೇಳಿ. ಅಕ್ಷರ ಮೋಡಿ ಅನ್ನುವ ಹಳೇ ಕೂಡುಬರಹದಲ್ಲಿದ್ದರೆ ಓದಲು ಬರುವ ಹಿರಿಯರನ್ನೋ ಇತಿಹಾಸ ವಿಭಾಗದವರನ್ನೋ ಹಿಡಿಯಬೇಕು. ಊಹೆ ಮಾಡಿ ಓದಬೇಡಿ.

ಸರ್ಕಾರದ ದಾಖಲೆ

ಇಲ್ಲಿ ಮೊದಲ ಪ್ರಶ್ನೆ: 1918ರಲ್ಲಿ ನಿಮ್ಮ ಊರು ಯಾರ ಕೈಯಲ್ಲಿತ್ತು? ಕರ್ನಾಟಕ ಅಂತ ಒಂದು ರಾಜ್ಯ ಆಗ ಇರಲಿಲ್ಲ. ಹಳೇ ಮೈಸೂರು ಮಹಾರಾಜರದ್ದು. ಬೆಳಗಾವಿ, ಧಾರವಾಡ, ವಿಜಯಪುರ, ಉತ್ತರ ಕನ್ನಡ ಮುಂಬೈ ಪ್ರಾಂತ್ಯ. ಮಂಗಳೂರು, ಉಡುಪಿ, ಬಳ್ಳಾರಿ, ಕೊಳ್ಳೇಗಾಲ ಮದ್ರಾಸು. ಬೀದರ್, ಕಲಬುರಗಿ, ರಾಯಚೂರು ನಿಜಾಮರದ್ದು. ಕೊಡಗು ಬೇರೆಯೇ. ಜಮಖಂಡಿ, ಮುಧೋಳ, ಸಂಡೂರು, ಸವಣೂರಿನಂಥ ಚಿಕ್ಕ ಸಂಸ್ಥಾನಗಳೂ ಇದ್ದವು. ಮೇಲಿನ ಕಾಗದಗಳು ಅದರಂತೆಯೇ ಚದುರಿವೆ. ಮೈಸೂರು ಸಂಸ್ಥಾನದವು ಬೆಂಗಳೂರಿನ ರಾಜ್ಯ ಪತ್ರಾಗಾರದಲ್ಲಿ, ಮುಂಬೈ ಸರ್ಕಾರದವು ಮುಂಬೈನ ಪತ್ರಾಗಾರದಲ್ಲಿ, ಮದ್ರಾಸಿನವು ಚೆನ್ನೈನ ಎಗ್ಮೋರಿನಲ್ಲಿ, ನಿಜಾಮರವು ಹೈದರಾಬಾದಿನ ತಾರ್ನಾಕಾದಲ್ಲಿ. ಆದರೆ ಅಲ್ಲಿ ಸಿಗುವುದು ಇಡೀ ತಾಲೂಕಿನ, ಜಿಲ್ಲೆಯ ವಿಷಯ. ನಿಮ್ಮ ಮುತ್ತಜ್ಜಿಯ ಹೆಸರು ಅಲ್ಲಿರುತ್ತದೆ ಅಂತ ಆಸೆ ಇಟ್ಟುಕೊಂಡು ಬಸ್ಸು ಹತ್ತಬೇಡಿ.

ಹೆಸರು ಇರಬಹುದಾದದ್ದು ಹಳ್ಳಿಯ ಜನನ ಮರಣ ರಿಜಿಸ್ಟರಿನಲ್ಲಿ. ನಾನು ಒಂದು ಕಚೇರಿಗೆ ಮೂರು ಸಲ ಹೋದೆ. ಎರಡು ಸಲ ನಾಳೆ ಬನ್ನಿ ಅಂದರು. ಮೂರನೇ ಸಲ ತೋರಿಸಿದ ಪುಸ್ತಕ 1923ರಿಂದ ಶುರುವಾಗಿತ್ತು. ಹಿಂದಿನವು ಗೆದ್ದಲು ತಿಂದು ಹೋಗಿವೆ ಅಂದರು. ಅಂದು ಸಂಜೆ ಬಸ್ ಸ್ಟ್ಯಾಂಡಿನಲ್ಲಿ ಕೂತಾಗ ನಿಜಕ್ಕೂ ಅಳು ಬಂತು. ನಿಮಗೆ ಸಿಕ್ಕರೆ ಒಂದು ವಿಷಯ ನೆನಪಿಡಿ. ಸಾವಿನ ಕಾರಣದ ಕಾಲಂನಲ್ಲಿ ಇನ್‌ಫ್ಲುಯೆಂಜಾ ಅಂತ ಹುಡುಕಬೇಡಿ. ಆಗ ಕಾಲರಾ, ಸಿಡುಬು, ಪ್ಲೇಗ್, ಜ್ವರ ಅಂತ ಕೆಲವೇ ಬಾಬ್ತುಗಳು. ಇದು ಬಹಳ ಮಟ್ಟಿಗೆ 'ಜ್ವರ' ಅನ್ನುವುದರ ಕೆಳಗೇ ಹೋಗಿದೆ. ಬರೆಯಬೇಕಾದ ಪಟೇಲ, ಶಾನುಭೋಗರೇ ಮಲಗಿದ್ದ ಊರುಗಳಲ್ಲಿ ಎಷ್ಟೋ ಸಾವುಗಳು ಬರೆದೇ ಇಲ್ಲ.

ಕ್ರೈಸ್ತ ಮನೆಗಳವರು ಈ ವಿಷಯದಲ್ಲಿ ಅದೃಷ್ಟವಂತರು. ಚರ್ಚಿನ ಸಮಾಧಿ ಪುಸ್ತಕದಲ್ಲಿ ತಾರೀಖು, ವಯಸ್ಸು ಇರುತ್ತದೆ.

ಜನಗಣತಿಯಲ್ಲಿ ನಮ್ಮ ಮನೆ ಹೆಸರು ಸಿಗುತ್ತದಾ ಅಂತ ಬಹಳ ಜನ ಕೇಳುತ್ತಾರೆ. ಸಿಗುವುದಿಲ್ಲ. ಮನೆಮನೆಯ ಚೀಟಿಗಳನ್ನು ಉಳಿಸಲಿಲ್ಲ. ಉಳಿದದ್ದು ಮುದ್ರಣವಾದ ಕೋಷ್ಟಕಗಳು. ಆದರೂ 1911 ಮತ್ತು 1921ರ ವರದಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಇಂಟರ್ನೆಟ್ ಆರ್ಕೈವ್‌ನಲ್ಲಿ ದುಡ್ಡಿಲ್ಲದೆ ಓದಬಹುದು. ಮೈಸೂರು ಸಂಸ್ಥಾನದ ಜನ 58.06 ಲಕ್ಷದಿಂದ 59.79 ಲಕ್ಷಕ್ಕೆ ಏರಿದರು, ಹತ್ತು ವರ್ಷಕ್ಕೆ ಅಷ್ಟೇ. ನಿಮ್ಮ ತಾಲೂಕಿನ ಸಾಲು ಹುಡುಕಿ. ಅಲ್ಲಿ ಇಳಿದಿದ್ದರೆ ನಿಮ್ಮ ಮನೆಯ ಕಥೆ ಒಂಟಿ ಕಥೆಯಲ್ಲ ಅಂತ ಗೊತ್ತಾಗುತ್ತದೆ.

ನನಗೆ ತುಂಬಾ ಕೊಟ್ಟದ್ದು ಶಾಲೆಯ ದಾಖಲಾತಿ ಪುಸ್ತಕ. ನೂರು ದಾಟಿದ ಸರ್ಕಾರಿ ಶಾಲೆ ನಿಮ್ಮ ಹೋಬಳಿಯಲ್ಲಿ ಒಂದಾದರೂ ಇರಬಹುದು. ಮುಖ್ಯ ಶಿಕ್ಷಕರನ್ನು ಮರ್ಯಾದೆಯಿಂದ ಕೇಳಿ, ಅವರ ಎದುರೇ ಕೂತು ನೋಡಿ. ಹುಟ್ಟಿದ ದಿನಾಂಕವನ್ನು ನಂಬಬೇಡಿ. ಆ ಕಾಲದಲ್ಲಿ ಮೇಷ್ಟ್ರು ಅಂದಾಜಿಗೆ ಬರೆಯುತ್ತಿದ್ದರು. ಪೋಷಕರ ಕಾಲಂ ನೋಡಿ. ನಮ್ಮ ಅಜ್ಜ ಸೇರಿದ ಪುಟದಲ್ಲಿ 22 ಮಕ್ಕಳಿದ್ದಾರೆ. ಏಳು ಮಕ್ಕಳ ಮುಂದೆ ತಂದೆಯ ಹೆಸರಿಲ್ಲ. ಚಿಕ್ಕಪ್ಪ, ಸೋದರಮಾವ, ಒಬ್ಬನಿಗೆ ಅಜ್ಜಿ. ಇಡೀ ಮೂರು ವರ್ಷದ ಹುಡುಕಾಟದಲ್ಲಿ ಆ ಏಳು ಸಾಲುಗಳಷ್ಟು ನನ್ನನ್ನು ಕಲಕಿದ್ದು ಇನ್ನೊಂದಿಲ್ಲ. ಅಷ್ಟು ವರ್ಷ ಅಂಥ ಪುಸ್ತಕಗಳ ನಡುವೆಯೇ ಕೂತು ಕೆಲಸ ಮಾಡಿದ್ದೆ. ಆ ಕಾಲಂ ಅನ್ನು ಹೀಗೆ ಓದಬಹುದು ಅಂತ ತಿಳಿದಿರಲಿಲ್ಲ.

ಸಿಪಾಯಿ, ಪವನು

ಮನೆಯಲ್ಲಿ ಯಾರಾದರೂ ದಂಡಿಗೆ ಹೋಗಿ ಬರಲಿಲ್ಲ ಅನ್ನುವ ಮಾತಿದ್ದರೆ ಕಾಮನ್‌ವೆಲ್ತ್ ಯುದ್ಧ ಸಮಾಧಿ ಆಯೋಗದ ಜಾಲತಾಣದಲ್ಲಿ ಹೆಸರು ಹುಡುಕಿ. ಕೆಲವು ಭಾರತೀಯ ಸಿಪಾಯಿಗಳಿಗೆ ತಂದೆಯ ಹೆಸರು, ಊರು ಕೂಡ ಕೊಟ್ಟಿದ್ದಾರೆ. ಕಾಗುಣಿತ ಅವರಿಗೆ ಕೇಳಿಸಿದ ಹಾಗೆ ಇರುತ್ತದೆ, ನಾಲ್ಕಾರು ಥರ ಬರೆದು ನೋಡಿ. ಮೈಸೂರು ಲ್ಯಾನ್ಸರ್ಸ್ ಪಡೆಯವರು ಜೋಧಪುರದವರ ಜೊತೆ ಹೈಫಾ ಪಟ್ಟಣ ಗೆದ್ದದ್ದು ಇದೇ ವರ್ಷದ ಸೆಪ್ಟೆಂಬರ್ 23ರಂದು. ಬೆಂಗಳೂರಿನ ಜೆ.ಸಿ. ನಗರದಲ್ಲಿ ಅವರ ಸ್ಮಾರಕ ಇದೆ. ಅವರು ಕುದುರೆ ಮೇಲೆ ಗುಂಡಿಗೆ ಎದೆಯೊಡ್ಡಿದ ಆ ವಾರಗಳಲ್ಲೇ ಇಲ್ಲಿ ಅವರ ಮನೆಗಳಲ್ಲಿ ಜ್ವರ ಹೊಕ್ಕುತ್ತಿತ್ತು. ಗೆದ್ದು ವಾಪಸ್ಸು ಬಂದವರಲ್ಲಿ ಎಷ್ಟು ಜನರಿಗೆ ಬಾಗಿಲು ತೆರೆಯಲು ಹೆಂಡತಿ ಇದ್ದಳೋ.

ಅಜ್ಜಿಯ ಪವನಿನ ಸರ ಇದ್ದರೆ ಅದನ್ನೂ ಒಂದು ಸಲ ಭೂತಗನ್ನಡಿ ಹಿಡಿದು ನೋಡಿ. ಮುಂಬೈ ಟಂಕಸಾಲೆಯಲ್ಲಿ ಬ್ರಿಟಿಷ್ ಪವನು ಹೊಡೆದದ್ದು 1918ರಲ್ಲಿ ಮಾತ್ರ. ಕುದುರೆ ಸವಾರನ ಕೆಳಗೆ, ಇಸವಿಯ ಮೇಲೆ, ಇಂಗ್ಲಿಷಿನ 'ಐ' ಅಕ್ಷರ ಪುಟ್ಟದಾಗಿ ಇರುತ್ತದೆ. ಬೆಳ್ಳಿ ಸಾಲದೆ ಎರಡು ರೂಪಾಯಿ ಎಂಟಾಣೆಯ ನೋಟು ಬಂದದ್ದೂ ಅದೇ ವರ್ಷ. ಇವು ಯಾರ ಸಾವನ್ನೂ ಹೇಳುವುದಿಲ್ಲ, ಆದರೆ ಆ ವರ್ಷ ಮುಟ್ಟಿದ ವಸ್ತು ಕೈಯಲ್ಲಿದ್ದಾಗ ಹಿರಿಯರ ಮಾತು ತಾನಾಗಿ ಬರುತ್ತದೆ. ಸರ ತೋರಿಸಿ ಕೇಳಿ.

ಬರೆದಿಡುವಾಗ

ಸಿಕ್ಕಿದ್ದನ್ನೆಲ್ಲ ಒಂದೇ ಥರ ಬರೆಯಬೇಡಿ. ನಾನು ಮೂರು ಬಣ್ಣದ ಪೆನ್ನು ಇಟ್ಟುಕೊಂಡಿದ್ದೇನೆ. ಕಾಗದದಲ್ಲಿ ಕಂಡದ್ದು ಕಪ್ಪು. ಯಾರೋ ಹೇಳಿದ್ದು ನೀಲಿ, ಪಕ್ಕದಲ್ಲಿ ಹೇಳಿದವರು ಯಾರು, ಅವರಿಗೆ ಹೇಳಿದವರು ಯಾರು, ಯಾವ ದಿನ ಕೇಳಿದ್ದು. ನಾನೇ ಲೆಕ್ಕ ಹಾಕಿದ್ದು ಹಸಿರು. ಮುಂದೆ ಯಾರಾದರೂ ಇನ್ನೊಂದು ಕಾಗದ ಕಂಡರೆ ಹಸಿರನ್ನು ತಿದ್ದಲಿ. ಕಥೆ ಚೆನ್ನಾಗಿರಲಿ ಅಂತ ಒಂದು ಮಾತನ್ನೂ ಸೇರಿಸಬೇಡಿ. ಸತ್ತವರ ಪರವಾಗಿ ಮಾತಾಡಲು ಆ ಹಾಳೆ ಬಿಟ್ಟರೆ ಬೇರೆ ಯಾರೂ ಇಲ್ಲ.

ಒಂದು ಪ್ರತಿ ಮನೆಯಲ್ಲಿ, ಒಂದು ಬೇರೆ ಊರಿನಲ್ಲಿರುವ ನೆಂಟರ ಮನೆಯಲ್ಲಿ ಇರಲಿ. ಫೋನಿನಲ್ಲಿ ಇದೆ ಅಂತ ಸುಮ್ನೆ ಕೂರಬೇಡಿ. ನಮ್ಮದನ್ನು ಟ್ರಂಕಿನ ಮುಚ್ಚಳದ ಒಳಗೆ ಬಟ್ಟೆಯ ಚೀಲ ಹೊಲಿದು ಅದರಲ್ಲಿ ಇಟ್ಟಿದ್ದೇನೆ. ಹೋದ ವರ್ಷ ಮಾರ್ನೋಮಿಗೆ ಮುಂಚೆ ಅದನ್ನು ತೆಗೆದು ಅತ್ತೆಗೆ ಓದಿ ಹೇಳಿದೆ. ಮೈದನ ಸಾಲು ಕಪ್ಪು, ನೀಲಿ. ಅವಳ ಸಾಲು ನೀಲಿ, ಹಸಿರು. ಮೂರನೆಯದಕ್ಕೆ ಬಂದಾಗ ಅತ್ತೆ ಕೈ ಅಡ್ಡ ಹಿಡಿದು, "ಅದಕ್ಕೊಂದು ಹೆಸ್ರಾದ್ರೂ ಬರೀ" ಅಂದರು. ಹೆಸರು ಅವರಿಗೂ ಗೊತ್ತಿಲ್ಲ, ಇಟ್ಟಿದ್ದರೋ ಇಲ್ಲವೋ ಅದೂ ಗೊತ್ತಿಲ್ಲ. ಅವರ ಮಾತಿನಂತೆ ನೀಲಿ ಪೆನ್ನಿನಲ್ಲಿ ಅವರು ಹೇಳಿದ್ದನ್ನೇ ಬರೆದೆ: 'ಮೊಲೆ ಕುಡಿಯೋ ಮಗ. ತಾಯಿ ಹೋದ ಎಂಟು ದಿನಕ್ಕೆ.' ಪಕ್ಕದಲ್ಲಿ ಹಸಿರಿನಲ್ಲಿ: 'ಕಾಲಯುಕ್ತಿ, ಆಶ್ವೀಜ ಅಥವಾ ಕಾರ್ತಿಕ. 1918 ಅಕ್ಟೋಬರ್ ಅಥವಾ ನವೆಂಬರ್.' ಆಮೇಲೆ ಅತ್ತೆ ಎದ್ದು ಎಲೆ ತೊಳೆಯಲು ಹೋದರು.